ಗಂಜಿಯಕ್ಕನ ರಾಜಿ

ನೂರು ಜುಟ್ಟು ಒಂದೆಡೆ ಬಾಳಬಹುದು, ಎರಡು ಜಡೆ ಒಂದೆಡೆ ಬಾಳಲಾರವು ಎಂಬ ಗಾದೆ ಕಟ್ಟಿದವನು ಯಾರೋ ಜುಟ್ಟಿನವನೇ ಇರಬೇಕು. ನಾನೂ ನನ್ನ ಓರಗಿತ್ತಿಯೂ ಒಂದೇ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಅರ್ಧ ಆಯುಷ್ಯ ಕಳೆದಿದ್ದೇವೆ. ಜಗಳವಾಡಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಒಲೆ ಎರಡಾಗಲಿಲ್ಲ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ನನ್ನ ಗಂಡ ಲಾರಿ ಓಡಿಸುವವರು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹಾಗಾಗಿ ಈ ಮನೆಯಲ್ಲಿ ಮಾತಿಗೂ ಮುನಿಸಿಗೂ ನನಗೆ ಸಿಕ್ಕುವವಳು ಅವಳೊಬ್ಬಳೇ.

ಅವಳು ದುಡಿಯುತ್ತಿದ್ದ ಲಾಂಡ್ರಿಯಲ್ಲಿ ಅವಳಿಗೆ ಗಂಜಿಯಕ್ಕ ಎಂದು ಹೆಸರು. ಕುಡಿಯುವ ಗಂಜಿಯಲ್ಲ, ಬಟ್ಟೆಗೆ ಹಾಕುವ ಗಂಜಿ. ಬೆನ್ನು ಬಾಗದು, ಉಟ್ಟ ಬಟ್ಟೆಯಲ್ಲಿ ಸುಕ್ಕು ಕಾಣದು, ಯಾರೆದುರಿಗೂ ಕಣ್ಣೀರು ಹಾಕಿದವಳಲ್ಲ. "ಇವಳು ಹುಟ್ಟಿದ ಕೂಡ್ಲೆ ಅವರಮ್ಮ ಗಂಜೀಲಿ ಅದ್ದಿ ಹಗ್ಗದ ಮೇಲೆ ಒಣಹಾಕಿರಬೇಕು" ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಅವಳಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ನಾನು ಎಷ್ಟು ಸಲ ಬೈದಿದ್ದೇನೋ ನನಗೇ ಲೆಕ್ಕವಿಲ್ಲ.

ಆ ಲಾಂಡ್ರಿಗೆ ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಬರುತ್ತಿತ್ತು. ತಗಡಿನ ಸೂರಿನ ಉದ್ದನೆಯ ಕೊಟ್ಟಿಗೆ; ಒಂದು ಕೊನೆಯಲ್ಲಿ ಒಗೆಯುವ ಮಷೀನುಗಳು, ಇನ್ನೊಂದು ಕೊನೆಯಲ್ಲಿ ಇಸ್ತ್ರಿಯ ರೋಲರು. ಕಾದ ಎರಡು ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟು ಹೋದರೆ ಆಚೆ ಕಡೆ ಹಪ್ಪಳದ ಹಾಗೆ ಗರಿಗರಿಯಾಗಿ ಬರುತ್ತಿತ್ತು. ಅದನ್ನು ಒಳಗೆ ಕೊಡುವುದಕ್ಕೆ ಇಬ್ಬರು ಹೆಂಗಸರು ಬೇಕು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ಮೂಲೆ ಹಿಡಿದು, ಎಳೆದು, ಒಂದೇ ಉಸಿರಿಗೆ ಬಿಡಬೇಕು. ಆ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ನಿನ್ನ ಕೈಯನ್ನು ನೀನು ನೋಡಿಕೊಳ್ಳಬಾರದು, ಎದುರಿನವಳ ಕೈ ನೋಡಬೇಕು. ಅವಳ ಬೆರಳು ಉರುಳೆಗೆ ಹತ್ತಿರವಾದರೆ ನೀನು ಕೂಗಬೇಕು, ನಿನ್ನ ಬೆರಳನ್ನು ಅವಳು ಕಾಯುತ್ತಾಳೆ. ಅಕ್ಕ ಮತ್ತು ಅವಳ ಜೋಡಿ ಹೀಗೆ ವರ್ಷಗಟ್ಟಲೆ ಒಬ್ಬರ ಕೈ ಇನ್ನೊಬ್ಬರು ಕಾದುಕೊಂಡು ಬಂದಿದ್ದರು. ಉರುಳೆಯ ಮುಂದೆ ಒಂದು ಅಡ್ಡಪಟ್ಟಿಯೂ ಇತ್ತಂತೆ, ಕೈ ತಾಗಿದರೆ ಮಷೀನು ತಾನೇ ನಿಲ್ಲುವುದಕ್ಕೆ. ದಪ್ಪ ಅಂಚಿನ ಬಟ್ಟೆ ತಾಗಿದರೂ ನಿಂತು ಕೆಲಸ ಕೆಡುತ್ತದೆಂದು ಮ್ಯಾನೇಜರು ಅದನ್ನು ಬಿಚ್ಚಿಸಿ ಬಾಯ್ಲರಿನ ಹಿಂದೆ ಒಗೆದಿದ್ದ.

ಜೋಡಿಯವಳು ಮಗನಿಗೆ ಜ್ವರವೆಂದು ರಜೆ ಹಾಕಿದ ದಿನ ಹೊಸಬಳೊಬ್ಬಳನ್ನು ಎದುರಿಗೆ ನಿಲ್ಲಿಸಿದರು. ಪಾಪ, ಅವಳಿಗೆ ಯಾರೂ ಪದ್ಧತಿ ಹೇಳಿರಲಿಲ್ಲ. ಅವಳು ತನ್ನ ಕೈಯನ್ನೇ ನೋಡಿಕೊಂಡಿದ್ದಳು, ಅಕ್ಕನೂ ಅವಳ ಕೈಯನ್ನೇ ನೋಡುತ್ತಿದ್ದಳು. ಅಕ್ಕನ ಕೈಯನ್ನು ನೋಡುವವರು ಯಾರೂ ಇರಲಿಲ್ಲ.

ಉರುಳೆಗೆ ಸಿಕ್ಕ ಬಲಗೈ ಹೋಗಲಿಲ್ಲ, ಉಳಿಯಿತು. ತೊಡೆಯ ಚರ್ಮ ತೆಗೆದು ಹಿಂಗೈಗೆ ಹೊಲಿದರು. ಗಾಯ ಮಾಯಿತು. ಈಗ ದೂರದಿಂದ ನೋಡಿದರೆ ಅದೂ ಒಂದು ಕೈಯೇ, ಸ್ವಲ್ಪ ಕೆಂಪು, ಸ್ವಲ್ಪ ಹೊಳಪು. ಆದರೆ ಬೆರಳುಗಳು ಚಾಚಿದ್ದು ಚಾಚಿದ ಹಾಗೇ ನಿಂತುಬಿಟ್ಟಿವೆ. ಮುಷ್ಟಿಯಾಗುವುದಿಲ್ಲ, ಚಿಟಿಕೆಯಾಗುವುದಿಲ್ಲ. ನೋಡಿದರೆ ಕೈ, ಹಿಡಿಸಿದರೆ ಹಲಗೆ. ಚರ್ಮ ಹೊಲಿದ ಲೇಡಿ ಡಾಕ್ಟರು ನನ್ನೆದುರೇ ಹೇಳಿದ್ದರು, "ಅಂಟಿಕೊಂಡಿರೋ ನರ ಬಿಡಿಸೋಕೆ ಇನ್ನೊಂದು ಆಪರೇಷನ್ ಬೇಕು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಮಾಡಿದ್ರೆ ಹೆಬ್ಬೆರಳು ತೋರುಬೆರಳು ಸೇರಬಹುದು. ತಡ ಮಾಡಿದಷ್ಟೂ ಕಷ್ಟ." ರಾತ್ರಿ ಹಗಲು ಕಟ್ಟಿಕೊಳ್ಳಲು ಒಂದು ಪ್ಲಾಸ್ಟಿಕ್ ಪಟ್ಟಿಯನ್ನೂ ಕೊಟ್ಟಿದ್ದರು. ಅಕ್ಕ ಅದನ್ನು ಭಾವ ಮನೆಯಲ್ಲಿಲ್ಲದಾಗ ಮಾತ್ರ ಕಟ್ಟುತ್ತಿದ್ದಳು.

ಇಲ್ಲಿ ಭಾವನ ವಿಷಯ ಹೇಳಬೇಕು. ನನ್ನ ಭಾವ, ಅಂದರೆ ಅಕ್ಕನ ಗಂಡ, ಗ್ಯಾಸ್ ಒಲೆ ರಿಪೇರಿ ಮಾಡುವವರು. ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಜಾಗ. ಮೇಲಿನಿಂದ ಗುಡಿಸಿದ ಕಸವೆಲ್ಲ ತಲೆಯ ಮೇಲೆ ಬೀಳುತ್ತದೆ, ಎದ್ದು ನಿಂತರೆ ಹಣೆ ಬಡಿಯುತ್ತದೆ. ಆದರೂ ಅವರ ಬಾಯಿಗೆ ಬಿಡುವಿಲ್ಲ. ಒಲೆಯ ಬರ್ನರ್ ಉಜ್ಜುತ್ತಾ ಬಂದವರಿಗೆಲ್ಲ ಹೆಂಡತಿಯ ಗುಣಗಾನ ಮಾಡುತ್ತಾರೆ. "ನಮ್ಮನೆಯವಳ ಕೈ ರೋಲರಿಗೆ ಸಿಕ್ತು ಕಣ್ರೀ. ಬೇರೆಯವರಾಗಿದ್ರೆ ಹಾಸಿಗೆ ಹಿಡೀತಿದ್ರು. ಇವಳು ನೋಡಿ, ಅಡುಗೆ, ಬಟ್ಟೆ, ಪಾತ್ರೆ, ಎಲ್ಲಾ ಮೊದಲಿನ ಹಾಗೇ!" ಕೆಟ್ಟವರಲ್ಲ, ಕುಡಿಯುವವರಲ್ಲ, ಕೈ ಎತ್ತಿದವರಲ್ಲ. ಕಣ್ಣೆದುರಿಗಿರುವುದನ್ನು ನೋಡುವುದೊಂದು ಅವರಿಗೆ ಬರುವುದಿಲ್ಲ.

ನೋಡದ ಹಾಗೆ ಅಕ್ಕ ನೋಡಿಕೊಂಡಿದ್ದಳು ಅನ್ನುವುದೂ ನಿಜ. ಬೆಳಿಗ್ಗೆ ಭಾವ ಹೊಸಿಲು ದಾಟಿದ ಮೇಲೆ ನನ್ನ ಕೆಲಸ ಶುರು. ಅಕ್ಕನ ಬೆನ್ನಿನ ಹುಕ್ಕು ಹಾಕುವುದು, ಜಡೆ ಹೆಣೆಯುವುದು, ತರಕಾರಿ ಹೆಚ್ಚುವುದು, ಅವಳ ಪಾಲಿನ ಬಟ್ಟೆ ಹಿಂಡುವುದು. ಸಂಜೆ ಭಾವ ಬರುವ ಹೊತ್ತಿಗೆ ಅವಳು ಒಲೆಯ ಮುಂದೆ ಎಡಗೈಯಲ್ಲಿ ಸೌಟು ಹಿಡಿದು ನಿಲ್ಲುತ್ತಿದ್ದಳು, ಬಲಗೈ ಶಾಲಿನೊಳಗೆ. ಬಡಿಸುವವಳು ನಾನು, ಹೆಸರು ಅವಳದು. "ನಿನ್ನ ಕೈರುಚಿ ಹೋಗಿಲ್ಲ ನೋಡು" ಎಂದು ಭಾವ ಉಣ್ಣುತ್ತಿದ್ದರು. ಆ ಮಾತು ಕೇಳಿ ನನಗೆ ನಗು ಬರುತ್ತಿತ್ತು, ಆಮೇಲೆ ಹೊಟ್ಟೆ ಉರಿಯುತ್ತಿತ್ತು.

"ಗಂಡನ ಹತ್ರ ಇದೇನು ಕಣ್ಣಾಮುಚ್ಚಾಲೆ ಅಕ್ಕ? ಹೇಳಿಬಿಡು" ಎಂದು ಒಂದು ದಿನ ಕೇಳಿದೆ.

"ಅತ್ತೆ ಮಲಗಿದ್ದಾಗ ಏನಂದ್ರು ನೆನಪಿದೆಯಾ?" ಎಂದಳು.

ನೆನಪಿತ್ತು. ಅತ್ತೆಗೆ ಒಂದು ಕೈ ಒಂದು ಕಾಲು ಬಿದ್ದುಹೋಗಿ ವರ್ಷಾನುಗಟ್ಟಲೆ ಮಲಗಿದ್ದರು. ನಾವಿಬ್ಬರೇ ತೊಳೆದು ಬಳಿದು ಮಾಡುತ್ತಿದ್ದದ್ದು. ಒಂದು ಸಂಜೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಾ ಭಾವ, "ಕೈಕಾಲು ಬಿದ್ದ ಮೇಲೆ ಮನುಷ್ಯ ಯಾಕಿರಬೇಕು? ಹೋದ್ರೆ ಎಲ್ಲರಿಗೂ ಬಿಡುಗಡೆ" ಎಂದಿದ್ದರು. ದಣಿದ ಬಾಯಲ್ಲಿ ಬಂದ ಮಾತು, ನಾಲಿಗೆಗೆ ಎಲುಬಿಲ್ಲ. ಅವರು ಅದನ್ನು ಅಲ್ಲೇ ನೀರಿನ ಜೊತೆ ಬಿಟ್ಟು ಬಂದಿದ್ದರು. ಅಕ್ಕ ಎತ್ತಿಟ್ಟುಕೊಂಡಿದ್ದಳು.

ಇದಕ್ಕಿಂತ ದೊಡ್ಡ ಬೆಲೆ ಅವಳು ಮಗಳ ವಿಷಯದಲ್ಲಿ ತೆತ್ತಳು. ಮಗಳನ್ನು ಬೇರೆ ಊರಿಗೆ ಕೊಟ್ಟಿತ್ತು. ಕೈಗೆ ಪೆಟ್ಟಾದ ಕೆಲವು ತಿಂಗಳಿಗೆ ಅವಳಿಗೆ ಹೆಣ್ಣುಮಗು ಹುಟ್ಟಿತು. ಅಮ್ಮನ ಕೈ ವಾಸಿಯಾಗಿದೆ ಎಂದೇ ನಂಬಿದ್ದವಳು ಮಗುವನ್ನು ಎತ್ತಿಕೊಂಡು ತೋರಿಸಲು ಬಂದಳು. ಹೊಸಿಲಲ್ಲೇ ಮಗುವನ್ನು ಚಾಚಿ, "ಎತ್ಕೊಳಮ್ಮ" ಎಂದಳು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಮೊದಲು ಒಳಗೆ ಬಾ, ಕೈ ಒದ್ದೆ ಇದೆ" ಎಂದಳು. ಆಮೇಲೆ ಒಲೆಯ ಮೇಲೆ ಹಾಲಿದೆ ಎಂದಳು, ಎಳೆ ಮಗು ಅಂದರೆ ಭಯ ಎಂದಳು. ದಿನವೂ ಒಂದು ನೆಪ. ಮಗು ಅತ್ತರೆ ತೊಟ್ಟಿಲು ತೂಗುತ್ತಿದ್ದಳೇ ಹೊರತು ಒಮ್ಮೆಯೂ ಎತ್ತಲಿಲ್ಲ. ಕೊನೆಗೆ ಮಗಳು ಕೇಳಿಯೇಬಿಟ್ಟಳು, "ಹೆಣ್ಣು ಅಂತ ತಾನೇ ಅಮ್ಮ?"

ಅಕ್ಕ ಒಲೆಯ ಕಡೆ ತಿರುಗಿಕೊಂಡಳು. ಮಗಳು ಇರುತ್ತೇನೆಂದ ದಿನಕ್ಕಿಂತ ಮುಂಚೆಯೇ ಬ್ಯಾಗು ಕಟ್ಟಿಕೊಂಡು ಹೋದಳು. ಅಂದಿನಿಂದ ಫೋನು ಅಪ್ಪನಿಗೆ ಮಾತ್ರ. ಆ ದಿನ ನಾನು ಅಕ್ಕನ ಜೊತೆ ನಿಜವಾಗಿ ಜಗಳವಾಡಿದೆ. "ನಿನ್ನ ಗಂಜಿಗೆ ಬೆಂಕಿ ಬಿತ್ತು! ಅವಳಿಗಾದ್ರೂ ಹೇಳಬಾರದಾ?" ಎಂದು ಕೂಗಾಡಿದೆ. ಅವಳು ತೊಟ್ಟಿಲ ಹಗ್ಗ ಬಿಚ್ಚಲು ಎಡಗೈಯಲ್ಲಿ ಹೆಣಗಾಡುತ್ತಾ, "ಅವಳಿಗೆ ಹೇಳಿದ್ರೆ ಅಪ್ಪನಿಗೆ ಹೇಳ್ತಾಳೆ" ಎಂದಳು ಅಷ್ಟೆ. ಹಗ್ಗ ನಾನೇ ಬಿಚ್ಚಿದೆ.

ಇಷ್ಟರಲ್ಲಿ ಪರಿಹಾರದ ಅರ್ಜಿ ಕಾರ್ಮಿಕ ಕಚೇರಿಯಲ್ಲಿ ಕೂತಿತ್ತು. ಕೆಲಸದ ಹೊತ್ತಿನಲ್ಲಿ ಆದ ಪೆಟ್ಟು, ಮಷೀನಿಗೆ ಅಡ್ಡಪಟ್ಟಿ ಇರಲಿಲ್ಲ. ಅದನ್ನು ಲಾಂಡ್ರಿಯವರೂ ಅಲ್ಲಗಳೆಯಲಿಲ್ಲ. ತಕರಾರು ಒಂದೇ, ಕೈ ಎಷ್ಟು ಕೆಟ್ಟಿದೆ ಎಂಬುದು. ಅದನ್ನು ನೋಡಲು ವಿಮೆ ಕಂಪನಿಯವರು ತಮ್ಮ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಅಕ್ಕ ಮಾಡಿದ್ದನ್ನು ನೆನೆದರೆ ನನಗೆ ಇಂದಿಗೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಆ ದಿನ ಬೆಳಿಗ್ಗೆ ಒಳ್ಳೆಯ ಬಟ್ಟೆ ಬೇಕೆಂದಳು, ಜಡೆ ಬಿಗಿಯಾಗಿ ಹಾಕು ಎಂದಳು, ಶಾಲಿಗೆ ಇಸ್ತ್ರಿ ಹಾಕಿಸಿದಳು. "ಹುಡುಗಿ ನೋಡೋಕೆ ಬರ್ತಾರಾ?" ಎಂದು ರೇಗಿಸಿದೆ. "ದೊಡ್ಡವರ ಮುಂದೆ ಹೋಗೋವಾಗ ಹಾಳುಸುರಿಯೋ ಹಾಗೆ ಹೋಗ್ತಾರಾ?" ಎಂದಳು. ಡಾಕ್ಟರು, "ಹೇಗಿದ್ದೀರಮ್ಮಾ?" ಎಂದರು. ಮರ್ಯಾದಸ್ಥರು ಯಾರಾದರೂ ಹೇಗಿದ್ದೀರಿ ಎಂದರೆ ನಾವೇನು ಹೇಳುತ್ತೇವೆ? "ಚೆನ್ನಾಗಿದ್ದೀನಿ ಸಾರ್" ಎಂದಳು. ನೋವಿದೆಯಾ ಎಂದರೆ, "ಪರವಾಗಿಲ್ಲ ಸಾರ್." ಮನೆ ಕೆಲಸ ಆಗುತ್ತದಾ ಎಂದರೆ, "ನಡೀತಿದೆ ಸಾರ್." ನಾನು ಬಾಯಿ ಹಾಕಲು ಹೋದರೆ ಕಣ್ಣಲ್ಲೇ ಸುಟ್ಟಳು. ಇಷ್ಟಾದರೂ ಹೋಗಲಿ. ಪರೀಕ್ಷೆ ಮುಗಿದು ಮಂಚದಿಂದ ಇಳಿದವಳು, ಮಲಗಿದ್ದ ಬೆಡ್‌ಶೀಟು ಸುಕ್ಕಾಗಿದ್ದು ನೋಡಿ, ಅದನ್ನು ಎಳೆದು, ಒಂದು ಅಂಚು ಗದ್ದದ ಕೆಳಗೆ ಸಿಕ್ಕಿಸಿ, ಬಲ ಮೊಣಕೈಯಲ್ಲಿ ಒತ್ತಿ, ಎಡಗೈಯಲ್ಲಿ ಎಳೆದು, ಚಕ್ಕನೆ ನಾಲ್ಕು ಮಡಿಕೆ ಮಾಡಿ ಮಂಚದ ತಲೆಯ ಕಡೆ ಇಟ್ಟಳು. ಮೂಲೆಗೆ ಮೂಲೆ ಕೂಡಿತ್ತು. ಡಾಕ್ಟರು ಅದನ್ನು ನೋಡಿದರು, ನಕ್ಕರು, ಬರೆದರು.

ಅವರು ಬರೆದದ್ದು ಆಮೇಲೆ ವಕೀಲರ ಹತ್ತಿರ ಗೊತ್ತಾಯಿತು. ಊನ ಅಲ್ಪ, ಕೈ ಬಹುಮಟ್ಟಿಗೆ ಕೆಲಸ ಮಾಡುತ್ತದೆ, ರೋಗಿಯೇ ಹಾಸಿಗೆ ಮಡಚಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಇನ್ನೊಂದು ಆಪರೇಷನ್ನಿನ ಅಗತ್ಯ ಕಾಣುವುದಿಲ್ಲ. ಅದರ ಬೆನ್ನಿಗೇ ಲಾಂಡ್ರಿಯವರು ರಾಜಿಗೆ ಬಂದರು. ಒಂದೇ ಸಲಕ್ಕೆ ಒಂದು ಮೊತ್ತ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಮುಂದೆ ಆ ಕೈಗೆ ಏನೇ ಆದರೂ ಅವರು ಜವಾಬ್ದಾರರಲ್ಲ.

ನಮ್ಮ ವಕೀಲರು ಮಾತಿಗೊಮ್ಮೆ ಗಡಿಯಾರ ನೋಡುವವರು, ಆದರೆ ಮನುಷ್ಯ ಒಳ್ಳೆಯವರು. ಅಕ್ಕ, ಭಾವ, ನಾನು ಮೂವರೂ ಅವರ ಮೇಜಿನ ಮುಂದೆ ಕೂತಿದ್ದೆವು.

"ನೋಡೀಮ್ಮಾ, ಎರಡೇ ದಾರಿ. ರಾಜಿಗೆ ಸಹಿ ಹಾಕಿದ್ರೆ ದುಡ್ಡು ಬೇಗ ಬರುತ್ತೆ. ಆದ್ರೆ ಮುಂದಿನ ಚಿಕಿತ್ಸೆ ನಿಮ್ಮ ತಲೆ ಮೇಲೆ. ಹಾಕದಿದ್ರೆ ಕೇಸು ನಡೆಯುತ್ತೆ, ಎಷ್ಟು ದಿನವೋ ಗೊತ್ತಿಲ್ಲ. ಗೆದ್ರೆ ಆಪರೇಷನ್ ಖರ್ಚೂ ಅವರದ್ದೇ. ಸೋತ್ರೆ ಈಗ ಕೊಡ್ತೀನಿ ಅಂದಿರೋದೂ ಹೋಗುತ್ತೆ."

"ಇನ್ನೇನು ಆಪರೇಷನ್ನು ಸಾರ್? ವಾಸಿಯಾಯ್ತಲ್ಲ" ಎಂದರು ಭಾವ.

ವಕೀಲರು ಅಕ್ಕನ ಮುಖ ನೋಡಿದರು. ಅಕ್ಕ ಗೋಡೆ ನೋಡಿದಳು.

"ಕೇಸು ನಡೆಸೋದಾದ್ರೆ ಒಂದು ಮಾತು" ಎಂದರು ವಕೀಲರು. "ನಿಮ್ಮ ಕೈಲಿ ಏನೇನು ಆಗಲ್ಲ ಅನ್ನೋದನ್ನ ನೀವೇ ಬಾಯಿಬಿಟ್ಟು ಹೇಳಬೇಕು. ಎಲ್ಲರ ಮುಂದೆ. ಚೆನ್ನಾಗಿದ್ದೀನಿ ಅನ್ನೋದು ನೆಂಟರ ಮನೇಲಿ ಸರಿ, ಇಲ್ಲಿ ಅಲ್ಲ. ಸ್ವಲ್ಪ ಕಷ್ಟ ಕಾಣಿಸ್ಬೇಕಮ್ಮಾ."

ಮನೆಗೆ ಬರುವ ದಾರಿಯುದ್ದಕ್ಕೂ ಭಾವನಿಗೆ ಅದೇ ತಮಾಷೆ. "ನಾಟಕ ಮಾಡಬೇಕಂತೆ ನೀನು! ಶಾಲೇಲಿ ಒಂದು ಪದ್ಯ ಹೇಳು ಅಂದ್ರೆ ಮೇಜಿನ ಕೆಳಗೆ ಅಡಗಿದವಳಂತೆ, ಇವಳ ಕೈಲಿ ನಾಟಕ ಆಗುತ್ತಾ?" ಆಮೇಲೆ ಸ್ವರ ತಗ್ಗಿಸಿ, "ಬೇಡ ಬಿಡು. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ರಾಜಿ ಮಾಡ್ಕೊಳ್ಳೋಣ. ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡಿ ಖಾಲಿಯಾಗಿದೆ, ಷಟರ್ ಇರೋದು. ನಿಂತ್ಕೊಂಡು ಕೆಲಸ ಮಾಡಬಹುದು" ಎಂದರು.

ಅವರ ಹಣೆಯ ಮೇಲೆ ಮೆಟ್ಟಿಲು ಬಡಿದ ಹಳೆಯ ಗಂಟು ಇದೆ. ಅಕ್ಕ ಅದನ್ನೇ ನೋಡುತ್ತಾ, "ಹಂಗೇ ಆಗ್ಲಿ" ಎಂದಳು.

ಆ ವಾರವಿಡೀ ನಾನು ಅವಳ ಬೆನ್ನು ಬಿಡಲಿಲ್ಲ. ಹುಕ್ಕು ಹಾಕುವಾಗ ಹೇಳಿದೆ, ಬಾಚುವಾಗ ಹೇಳಿದೆ. "ಸಹಿ ಹಾಕಿದ್ರೆ ಈ ಕೈ ಹೀಗೇ ಉಳೀತು ಅಂತ ತಿಳ್ಕೋ. ನಾನೇನು ಗೂಟ ಹೊಡ್ಕೊಂಡು ಕೂತಿರ್ತೀನಾ? ನಾಳೆ ನಾನು ಸತ್ರೆ ನಿನ್ನ ಬೆನ್ನಿನ ಹುಕ್ಕು ಯಾರು ಹಾಕ್ತಾರೆ?" ಎಂದೆ.

"ಹುಕ್ಕಿಲ್ಲದ ಬಟ್ಟೆ ಹಾಕ್ಕೋತೀನಿ" ಎಂದಳು.

"ಮೊಮ್ಮಗಳನ್ನು?" ಎಂದೆ.

ಜಡೆಯ ತುದಿ ನನ್ನ ಕೈಯಿಂದ ಕಿತ್ತುಕೊಂಡು ಎದ್ದು ಹೋದಳು. ಅರ್ಧ ಹೆಣೆದ ಜಡೆಯಲ್ಲೇ ಆ ದಿನವೆಲ್ಲ ಓಡಾಡಿದಳು. ಗಂಜಿಯಕ್ಕ ಅಷ್ಟು ಕೆದರಿಕೊಂಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ನೋಡಿ ನನಗೆ ಹೆದರಿಕೆಯಾಯಿತು.

ರಾಜಿಯ ದಿನ ಮೂವರೂ ಕಾರ್ಮಿಕ ಕಚೇರಿಗೆ ಹೋದೆವು. ಉದ್ದನೆಯ ಓಣಿಯಂಥ ವರಾಂಡ, ಎರಡೂ ಕಡೆ ಬೆಂಚು, ಬೆಂಚಿನ ಮೇಲೆ ಬ್ಯಾಂಡೇಜಿನವರು, ಊರುಗೋಲಿನವರು. ಅಕ್ಕ ಅವರ ನಡುವೆ ಕೂರಲಿಲ್ಲ. ನೆಂಟರನ್ನು ಬಿಡಲು ಬಂದವಳ ಹಾಗೆ ಕಂಬದ ಹತ್ತಿರ ನಿಂತಿದ್ದಳು.

ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಕನ್ನಡಕ ಹಣೆಯ ಮೇಲಿತ್ತು, ಮೇಜಿನ ಮೇಲೆ ಆರಿದ ಟೀ. ಒಂದು ಕಡೆ ಲಾಂಡ್ರಿಯ ಮ್ಯಾನೇಜರು ಮತ್ತು ವಿಮೆಯವರ ವಕೀಲರು, ಇನ್ನೊಂದು ಕಡೆ ನಮ್ಮ ವಕೀಲರು, ನಾವು. ಕಾಗದ ಸಿದ್ಧವಾಗಿತ್ತು. ಅಕ್ಕ ಹೆಬ್ಬೆಟ್ಟಿನವಳಲ್ಲ, ಎಡಗೈಯಲ್ಲಿ ಹೆಸರು ಬರೆಯುವುದನ್ನು ಅವಳು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಬರೆದು ಕಲಿತಿದ್ದಳು. ಪೆನ್ನು ಎಡಗೈಗೆ ತೆಗೆದುಕೊಂಡಳು.

"ಇರೀಮ್ಮಾ" ಎಂದರು ಅಧಿಕಾರಿ. "ಸಹಿಗೆ ಮುಂಚೆ ನಾನು ಕೇಳಬೇಕು, ಕಾನೂನು ಹಾಗಿದೆ. ಇದಕ್ಕೆ ಸಹಿ ಹಾಕಿದ್ರೆ ಮುಂದೆ ಆ ಕೈಗೆ ಏನೂ ಕೇಳೋ ಹಾಗಿಲ್ಲ, ಗೊತ್ತಲ್ವಾ? ಈಗ ಕೈ ಹೇಗಿದೆ? ದಿನದ ಕೆಲಸಕ್ಕೆ ಬರುತ್ತಾ?"

ಅಕ್ಕ ಬಾಯಿ ತೆರೆಯುವ ಮೊದಲೇ ಭಾವ ಶುರು ಮಾಡಿದರು. "ಬರದೇ ಏನು ಸಾರ್! ಅಡುಗೆ ಇವಳದ್ದೇ, ಬಟ್ಟೆ ಇವಳದ್ದೇ. ಒಂದು ದಿನ ನನಗೆ ಕಷ್ಟ ಅಂದವಳಲ್ಲ. ಇಂಥ ಹೆಂಡ್ತಿ ಎಲ್ಲಿ ಸಿಗ್ತಾರೆ ಸಾರ್? ಆ ಕೈ ನೋಡಿದ್ರೆ ಪೆಟ್ಟಾಗಿತ್ತು ಅಂತ್ಲೇ ಅನ್ಸಲ್ಲ."

ಮ್ಯಾನೇಜರು ತಲೆದೂಗಿದ. ವಿಮೆಯ ವಕೀಲರು ನಗುಮುಖ ಮಾಡಿದರು. ಭಾವ ಹೊಗಳುತ್ತಲೇ ಇದ್ದರು, ಒಳ್ಳೆಯ ಮನಸ್ಸಿನಿಂದ, ಕಣ್ಣರಳಿಸಿಕೊಂಡು. ನಾನು ಅಕ್ಕನನ್ನು ನೋಡಿದೆ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಈ ಹೊಗಳಿಕೆ ಕೇಳುವುದಕ್ಕೇ ಅಲ್ಲವೇ ಅವಳು ಇಷ್ಟು ದಿನ ಹೆಣಗಿದ್ದು? ಸಿಕ್ಕಿತು, ನಾಲ್ಕು ಜನರ ಎದುರಿಗೇ ಸಿಕ್ಕಿತು. ಅದರ ಮೇಲೆ ಸಹಿ ಹಾಕುವುದೊಂದು ಬಾಕಿ.

ಅವಳು ಪೆನ್ನು ಮೇಜಿನ ಮೇಲಿಟ್ಟಳು. "ಅವರಿಗೆ ಗೊತ್ತಿಲ್ಲ ಸಾರ್" ಎಂದಳು.

"ಏನು?" ಎಂದರು ಅಧಿಕಾರಿ.

"ಅಡುಗೆ ನಾನು ಮಾಡಲ್ಲ. ಇವಳು ಮಾಡೋದು" ಎಂದು ನನ್ನತ್ತ ಗದ್ದ ಎತ್ತಿದಳು. "ಬಟ್ಟೇನೂ ಇವಳೇ. ಬೆನ್ನಿನ ಹುಕ್ಕು ಇವಳು ಹಾಕ್ತಾಳೆ, ತಲೆ ಇವಳು ಬಾಚ್ತಾಳೆ. ತುತ್ತು ಎತ್ತೋದು ಎಡಗೈಲಿ. ಬಚ್ಚಲಿಗೆ ಹೋದ್ರೆ ಒಂದು ಗಂಟು ಬಿಚ್ಚೋಕೆ ಹಲ್ಲು ಬೇಕು ನನಗೆ."

ಅಷ್ಟು ಹೊತ್ತಿಗೆ ಅವಳ ಕಿವಿಯ ತುದಿ ಕೆಂಪಾಗಿತ್ತು. ವಿಮೆಯ ವಕೀಲರು ಡಾಕ್ಟರ ವರದಿ ಎತ್ತಿ, ರೋಗಿಯೇ ಹಾಸಿಗೆ ಮಡಚಿದ್ದಾರಲ್ಲ ಎಂದರು.

"ಮಡಚಿದ್ದು ಗದ್ದ ಸಾರ್" ಎಂದಳು. "ಡಾಕ್ಟರು ಮಡಿಕೆ ನೋಡಿದ್ರು, ಹೇಗೆ ಮಡಚಿದೆ ಅಂತ ನೋಡ್ಲಿಲ್ಲ."

ಆಮೇಲೆ ತಡೆದು ತಡೆದು ಹೇಳಿದಳು. "ಮೊಮ್ಮಗಳು ಹುಟ್ಟಿದಾಳೆ. ನಾನು ಎತ್ಕೊಂಡಿಲ್ಲ. ಬೀಳಿಸಿಬಿಡ್ತೀನಿ ಅಂತ ಭಯ. ಹೆಣ್ಣು ಅಂತ ಬೇಡವಾಯ್ತು ಅಂದ್ಕೊಂಡಿದಾಳೆ ನನ್ನ ಮಗಳು. ನಾನು ಹಾಗೇ ಅಂದ್ಕೊಳ್ಳಲಿ ಅಂತ ಬಿಟ್ಟೆ."

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅವಳ ಕೈ ನೋಡಿದರು. "ಹಾಗಾದ್ರೆ ರಾಜಿ ಬೇಡವಾ?"

"ಬೇಡ ಸಾರ್. ನನಗೆ ಆಪರೇಷನ್ ಬೇಕು."

ಅವರು ಕಾಗದವನ್ನು ಪಕ್ಕಕ್ಕಿಟ್ಟರು. ಬೇರೆ ಡಾಕ್ಟರುಗಳ ಮಂಡಳಿಗೆ ಕಳಿಸುತ್ತೇನೆ, ಮುಂದಿನ ತಾರೀಖು ತಿಳಿಸುತ್ತೇವೆ ಎಂದರು. ಇದರಿಂದ ಗೆದ್ದ ಹಾಗೇನೂ ಅಲ್ಲ, ತಡವಾಗುತ್ತದೆ, ಮಂಡಳಿಯೂ ಅದನ್ನೇ ಹೇಳಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಹೊರಗೆ ಬಂದು ವರಾಂಡದಲ್ಲಿ ಬ್ಯಾಂಡೇಜಿನವರ ನಡುವೆ ಜಾಗ ಮಾಡಿಸಿಕೊಂಡು ಕೂತಳು. ನಾನು ಅವಳ ಪಕ್ಕ ಕೂತೆ. ನನಗೆ ಹೇಳಲು ಬಹಳವಿತ್ತು. ಮುನಿಸಿನಲ್ಲಿ ಹರಿಯುವ ನನ್ನ ನಾಲಿಗೆ ಇಂಥ ಹೊತ್ತಲ್ಲಿ ಕೈಕೊಡುತ್ತದೆ.

ಭಾವ ಎಲ್ಲಿಗೋ ಹೋಗಿದ್ದರು. ಅವರ ಮುಖವನ್ನು ಹೇಗೆ ನೋಡುವುದು ಎಂದು ನಮಗಿಬ್ಬರಿಗೂ ಅಳುಕು. ಸ್ವಲ್ಪ ಹೊತ್ತಿನ ಮೇಲೆ ಗೇಟಿನ ಕಡೆಯಿಂದ ಬಂದರು, ಎರಡೂ ಕೈಯಲ್ಲಿ ಮೂರು ಟೀ ಲೋಟ, ಬಗಲಲ್ಲಿ ಫೋನು. ಮುಖದ ತುಂಬ ನಗು.

"ಎಲಾ ಇವಳ! ಏನು ಮಾತಾಡಿದ್ಯೆ ನೀನು!" ಎಂದರು, ಅಕ್ಕಪಕ್ಕದವರಿಗೆ ಕೇಳದ ಹಾಗೆ ಬಗ್ಗಿ. "ನಾನೇ ಒಂದು ಗಳಿಗೆ ನಂಬಿಬಿಟ್ಟೆ. ಹುಕ್ಕಂತೆ, ಗಂಟಂತೆ, ಹಲ್ಲಂತೆ! ವಕೀಲರಿಗೇ ಹೊಳೀತಿರಲಿಲ್ಲ. ಅಂಗಡಿ ಕೈ ತಪ್ತು ಅಂತ ಮೊದಲು ಸಂಕಟ ಆಯ್ತು. ಆಮೇಲೆ ಗೊತ್ತಾಯ್ತು ನಿನ್ನ ಲೆಕ್ಕ. ಇನ್ನು ನೋಡು, ಅವರೇ ಜಾಸ್ತಿ ಕೊಡೋಕೆ ಬರ್ತಾರೆ."

ಅಕ್ಕ ಟೀ ತೆಗೆದುಕೊಳ್ಳಲಿಲ್ಲ. ನಾನು ಎದ್ದೇಬಿಟ್ಟೆ. "ಭಾವ, ನಿಮಗೆ ಕಣ್ಣಿದೆಯಾ ಇಲ್ವಾ?" ಎಂದೆ. ಭಾವನೆದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅಕ್ಕ ನನ್ನ ಬಟ್ಟೆ ಹಿಡಿದು ಕೂರಿಸಿದಳು.

ಭಾವ ನಗು ಬಿಡಲಿಲ್ಲ. "ಮೊಮ್ಮಗಳ ವಿಷಯ ತಂದ್ಯಲ್ಲ, ಅದಂತೂ ಆ ಆಫೀಸರ್‌ಗೇ ಕಣ್ಣಲ್ಲಿ ನೀರು ಬಂತು. ಈಗ್ಲೇ ಮಗಳಿಗೂ ಫೋನಲ್ಲಿ ಹೇಳ್ದೆ, ನಿಮ್ಮಮ್ಮ ಹೀಗೆ ಹೇಳಿ ಕೇಸು ತಿರುಗಿಸಿಬಿಟ್ಳು ಅಂತ. ಅವಳಿಗೆ ಸ್ವಲ್ಪ ಸಿಟ್ಟು ಬಂತು. 'ಕೇಸಿಗೆ ನನ್ನ ಮಗೂನೇ ಬೇಕಾಯ್ತಾ ಅಮ್ಮನಿಗೆ' ಅಂತ ಇಟ್ಟುಬಿಟ್ಳು. ಇರ್ಲಿ ಬಿಡು, ಆಮೇಲೆ ಸಮಾಧಾನ ಮಾಡಿದ್ರಾಯ್ತು."

ಅಕ್ಕ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕೂಗುತ್ತಾಳೆ ಎಂದುಕೊಂಡೆ, ಕೂಗಲಿಲ್ಲ.

"ಆ ಲೋಟ ಕೆಳಗಿಡಿ" ಎಂದಳು.

ಭಾವ ಬೆಂಚಿನ ಮೇಲಿಟ್ಟರು. ಅಕ್ಕ ಶಾಲಿನೊಳಗಿಂದ ಬಲಗೈ ತೆಗೆದು ಅವರ ಅಂಗೈ ಮೇಲಿಟ್ಟಳು. ಪೆಟ್ಟಾದಂದಿನಿಂದ ಭಾವ ಆ ಕೈಯನ್ನು ಮುಟ್ಟಿರಲಿಲ್ಲ. ಮುಟ್ಟಲು ಅವಳು ಬಿಟ್ಟಿರಲಿಲ್ಲ, ಮುಟ್ಟಬೇಕೆಂದು ಅವರಿಗೂ ಹೊಳೆದಿರಲಿಲ್ಲ.

"ಮಡಚಿ" ಎಂದಳು.

"ಏನು?"

"ನನ್ನ ಬೆರಳು. ಮಡಚಿ ನೋಡಿ."

ಭಾವ ನಗುತ್ತಲೇ ಅವಳ ಬೆರಳುಗಳನ್ನು ತಮ್ಮ ಬೆರಳುಗಳಿಂದ ಸುತ್ತಿ ಒತ್ತಿದರು. ಬಾಗಲಿಲ್ಲ. ಇನ್ನೂ ಸ್ವಲ್ಪ ಒತ್ತಿದರು. ತೋರುಬೆರಳು ಒಂದನ್ನೇ ಹಿಡಿದು ನೋಡಿದರು, ಆಮೇಲೆ ಕಿರುಬೆರಳು. ಹಿಂಗೈಯ ಹೊಲಿದ ಚರ್ಮ ಬಿಗಿದು ಬೆಳ್ಳಗಾಯಿತು. ಅಕ್ಕ ತುಟಿ ಕಚ್ಚಿಕೊಂಡಳು, ಕೈ ಎಳೆದುಕೊಳ್ಳಲಿಲ್ಲ. ಭಾವನ ನಗು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

"ಇಷ್ಟೇನಾ?" ಎಂದರು.

"ಇಷ್ಟೇ."

"ಮಗೂನ…"

"ನಿಜ."

ಭಾವ ಬೆಂಚಿನ ತುದಿಯಲ್ಲಿ ಕುಸಿದು ಕೂತರು. ಪಕ್ಕದ ಊರುಗೋಲಿನವನು ಸರಿದು ಜಾಗ ಬಿಟ್ಟ. ಅಕ್ಕನ ಕೈ ಅವರ ಮಡಿಲಲ್ಲೇ ಇತ್ತು. ಅದನ್ನು ಬಿಡದೆ, ಇನ್ನೊಂದು ಕೈಯಲ್ಲಿ ಫೋನು ತೆಗೆದು ಮಗಳಿಗೆ ಮಾಡಿದರು. ರಿಂಗಾಗುವ ಸದ್ದು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು. ಮಗಳು ಎತ್ತಲಿಲ್ಲ. ಮತ್ತೆ ಮಾಡಿದರು. ಮೂರನೆಯ ಸಲ ಮಾಡಿದಾಗ ಆ ಕಡೆ ಫೋನು ಆಫ್ ಆಗಿತ್ತು.